ಮೊದಲು ಹೇಗಿದ್ದರೆಂದು ಬಲ್ಲವರು ಯಾರು?

ಡೌನ್ ಸಿಂಡ್ರೋಮ್ ಇರುವ ವ್ಯಕ್ತಿಗೆ ಜೀವಮಾನದಲ್ಲಿ ಡಿಮೆನ್ಶಿಯಾ, ಅಂದರೆ ಮರೆಗುಳಿ ಕಾಯಿಲೆ, ಬರುವ ಸಂಭವ ಶೇ 90ಕ್ಕಿಂತ ಹೆಚ್ಚು. ಅದೂ ಎಂಬತ್ತರ ಮುಪ್ಪಿನಲ್ಲಿ ಅಲ್ಲ, ಸರಾಸರಿ ಐವತ್ತೈದರ ಆಸುಪಾಸಿನಲ್ಲಿ. ವಂಶಪಾರಂಪರ್ಯವಾಗಿ ಅಲ್ಝೈಮರ್ ಹರಿದುಬರುವ ಕೆಲವೇ ಕುಟುಂಬಗಳನ್ನು ಬಿಟ್ಟರೆ ಬೇರೆ ಯಾರಿಗೂ ಈ ಕಾಯಿಲೆ ಇಷ್ಟು ಖಾತ್ರಿಯಾಗಿ, ಇಷ್ಟು ಬೇಗ ಬರುವುದಿಲ್ಲ. ಆದರೆ ಮರೆವಿನ ಕಾಯಿಲೆ ಎಂದ ಕೂಡಲೇ ನಮಗೆ ನೆನಪಾಗುವುದು ಅಜ್ಜ ಅಜ್ಜಿಯರು. ಬೌದ್ಧಿಕ ವೈಕಲ್ಯ ಎಂದರೆ ವಿಶೇಷ ಶಾಲೆಯ ಸಮವಸ್ತ್ರ ತೊಟ್ಟ ಮಗು. ಐವತ್ತು ದಾಟಿದ, ತನ್ನ ಮನೆಯ ಬಚ್ಚಲು ಯಾವ ಕಡೆ ಎಂದು ತಡಕಾಡುತ್ತಿರುವ, ಡೌನ್ ಸಿಂಡ್ರೋಮ್ ಇರುವ ಗಂಡಸು ಅಥವಾ ಹೆಂಗಸು ಈ ಎರಡು ಚಿತ್ರಗಳಲ್ಲಿ ಯಾವುದರೊಳಗೂ ಬರುವುದಿಲ್ಲ.

ಇವರಿಗೆ ಕಾಯಿಲೆ ಬಂದಿದೆ ಎಂದು ಗುರುತಿಸುವುದು ಹೇಗೆ, ಎಲ್ಲಿಟ್ಟು ನೋಡಿಕೊಳ್ಳಬೇಕು, ಅವರಿಗೇ ಏನೆಂದು ಹೇಳಬೇಕು, ಔಷಧಿ ಕೊಡಬೇಕೇ ಎಂಬ ಪ್ರಶ್ನೆಗಳ ಮೇಲೆ ಬ್ರಿಟನ್, ಐರ್ಲೆಂಡ್, ಅಮೆರಿಕಗಳಲ್ಲಿ ಮೂವತ್ತು ವರ್ಷಗಳಿಂದ ವಾದ ನಡೆದಿದೆ. ನಮ್ಮಲ್ಲಿ ಅದು ಇನ್ನೂ ಮನೆಯ ನಾಲ್ಕು ಗೋಡೆಯೊಳಗಿನ ಚಿಂತೆ.

ಆಯುಷ್ಯ ಹೆಚ್ಚಿದ ಮೇಲೆ ಕಂಡ ಕಾಯಿಲೆ

ಇಂಗ್ಲೆಂಡಿನ ಅರ್ಲ್ಸ್‌ವುಡ್ ಆಶ್ರಮದಲ್ಲಿ ವೈದ್ಯನಾಗಿದ್ದ ಜಾನ್ ಲ್ಯಾಂಗ್ಡನ್ ಡೌನ್ ಈ ಸ್ಥಿತಿಯನ್ನು ವಿವರಿಸಿದ್ದು 1866ರಲ್ಲಿ. ಹತ್ತೇ ವರ್ಷಕ್ಕೆ, 1876ರಲ್ಲಿ, ಫ್ರೇಸರ್ ಮತ್ತು ಮಿಚೆಲ್ ಎಂಬ ಸ್ಕಾಟ್ಲೆಂಡಿನ ವೈದ್ಯರು ಇಂಥವರಲ್ಲಿ ಮುಪ್ಪು ಅಕಾಲದಲ್ಲಿ ಎರಗುತ್ತದೆ ಎಂದು ಬರೆದಿಟ್ಟರು. ಆ ಮಾತನ್ನು ಯಾರೂ ಮುಂದುವರಿಸಲಿಲ್ಲ. ಮುಂದುವರಿಸಲು ಅಷ್ಟು ಕಾಲ ಬದುಕಿದವರೇ ವಿರಳ: 1929ರ ಲೆಕ್ಕದಲ್ಲಿ ಡೌನ್ ಸಿಂಡ್ರೋಮ್ ಇದ್ದವರ ಸರಾಸರಿ ಆಯುಷ್ಯ ಒಂಬತ್ತು ವರ್ಷ. ಹೃದಯದ ತೊಂದರೆ, ನ್ಯುಮೋನಿಯಾಗಳೇ ಅವರನ್ನು ಮೊದಲು ಕೊಂಡೊಯ್ಯುತ್ತಿದ್ದವು. ಆಂಟಿಬಯಾಟಿಕ್ ಬಂತು, ಮಕ್ಕಳ ಹೃದಯ ಶಸ್ತ್ರಚಿಕಿತ್ಸೆ ಬಂತು, ಕತ್ತಲ ಕೊಟ್ಟಡಿಗಳಂಥ ಆಶ್ರಮಗಳು ಒಂದೊಂದಾಗಿ ಮುಚ್ಚಿದವು. ಈಗ ಶ್ರೀಮಂತ ದೇಶಗಳಲ್ಲಿ ಆ ಸರಾಸರಿ ಅರವತ್ತರ ಹತ್ತಿರ ಬಂದಿದೆ.

ನಡುವೆ 1948ರಲ್ಲಿ ಅಮೆರಿಕದ ಜಾರ್ಜ್ ಜರ್ವಿಸ್ ಡೌನ್ ಸಿಂಡ್ರೋಮ್ ಇದ್ದ ಮೂವರಲ್ಲಿ ಡಿಮೆನ್ಶಿಯಾ ಕಂಡು ವರದಿ ಮಾಡಿದ್ದ. 1985ರಲ್ಲಿ ಕ್ರಿಸ್ಟಿನಾ ವಿಸ್ನಿಯೆವ್ಸ್ಕಿ ಮತ್ತು ಸಂಗಡಿಗರು ನೂರು ಮಂದಿಯ ಮಿದುಳನ್ನು ಮರಣಾನಂತರ ಪರೀಕ್ಷಿಸಿದಾಗ, ಮೂವತ್ತು ದಾಟಿ ತೀರಿಕೊಂಡವರೆಲ್ಲರಲ್ಲೂ ಅಲ್ಝೈಮರ್‌ನ ಗುರುತುಗಳಾದ ಅಮೈಲಾಯ್ಡ್ ಗಡ್ಡೆಗಳೂ ನರಕೋಶದ ಸಿಕ್ಕುಗಳೂ ಇದ್ದವು. ಗುರುತು ಇದ್ದವರೆಲ್ಲ ಬದುಕಿದ್ದಾಗ ಮರೆವಿನಿಂದ ನರಳಿದವರಲ್ಲ ಎಂಬುದೂ ಆಗಲೇ ಕಂಡಿತ್ತು. ಮಿದುಳಿನಲ್ಲಿ ಮೂವತ್ತರ ಆಚೀಚೆ ಶುರುವಾದದ್ದು ನಡವಳಿಕೆಯಲ್ಲಿ ಕಾಣಿಸಲು ಇಪ್ಪತ್ತು ವರ್ಷವೇಕೆ ಬೇಕು ಎಂಬುದಕ್ಕೆ ಇವತ್ತಿಗೂ ಪೂರ್ತಿ ಉತ್ತರ ಇಲ್ಲ.

ಇಪ್ಪತ್ತೊಂದನೆಯ ವರ್ಣತಂತು

ಕಾರಣದ ವಿಚಾರದಲ್ಲಿ ಜಗಳ ಕಡಿಮೆ. ಡೌನ್ ಸಿಂಡ್ರೋಮ್‌ನಲ್ಲಿ 21ನೇ ವರ್ಣತಂತು ಎರಡರ ಬದಲು ಮೂರಿರುತ್ತದೆ ಎಂದು 1959ರಲ್ಲಿ ಪ್ಯಾರಿಸ್ಸಿನ ಸಂಶೋಧಕರು ತೋರಿಸಿದರು. 1984ರಲ್ಲಿ ಗ್ಲೆನರ್ ಮತ್ತು ವಾಂಗ್ ಅಲ್ಝೈಮರ್ ರೋಗಿಯ ಮಿದುಳಿನಿಂದ ಬೇರ್ಪಡಿಸಿದ ಅಮೈಲಾಯ್ಡ್ ಪ್ರೋಟೀನನ್ನೇ ಡೌನ್ ಸಿಂಡ್ರೋಮ್ ಇದ್ದವರ ಮಿದುಳಿನಲ್ಲೂ ಕಂಡು, ಇದರ ಜೀನ್ ಅದೇ 21ನೇ ವರ್ಣತಂತುವಿನ ಮೇಲಿರಬೇಕು ಎಂದು ಊಹಿಸಿದರು. 1987ರಲ್ಲಿ ಎಪಿಪಿ ಎಂಬ ಆ ಜೀನ್ ಅಲ್ಲೇ ಸಿಕ್ಕಿತು. ಜೀನ್ ಮೂರಿದ್ದರೆ ಅಮೈಲಾಯ್ಡ್ ಹುಟ್ಟಿನಿಂದಲೇ ಹೆಚ್ಚು ತಯಾರಾಗುತ್ತದೆ. 1998ರಲ್ಲಿ ವರದಿಯಾದ ಒಬ್ಬ ಮಹಿಳೆಗೆ ಡೌನ್ ಸಿಂಡ್ರೋಮ್ ಇತ್ತು, ಆದರೆ ಅವರ ವರ್ಣತಂತುವಿನ ಹೆಚ್ಚುವರಿ ತುಂಡಿನಲ್ಲಿ ಎಪಿಪಿ ಜೀನ್ ಇರಲಿಲ್ಲ. ಎಪ್ಪತ್ತೆಂಟರವರೆಗೆ ಬದುಕಿದ ಅವರಿಗೆ ಅಲ್ಝೈಮರ್ ಬರಲಿಲ್ಲ. ಇದಕ್ಕಿಂತ ನಿಚ್ಚಳವಾದ ಸಾಕ್ಷಿ ಕೇಳುವಂತಿಲ್ಲ.

ಅಮೈಲಾಯ್ಡ್ ಶೇಖರಣೆಯೇ ಕಾಯಿಲೆಯ ಮೂಲ ಎಂಬ ಸಿದ್ಧಾಂತ ಇಂದು ಅಲ್ಝೈಮರ್ ಔಷಧೋದ್ಯಮದ ಬೆನ್ನೆಲುಬು. ಆ ಸಿದ್ಧಾಂತಕ್ಕೆ ಬುನಾದಿ ಹಾಕಿಕೊಟ್ಟವುಗಳಲ್ಲಿ ಡೌನ್ ಸಿಂಡ್ರೋಮ್ ಇದ್ದು ಮಡಿದವರ ಮಿದುಳುಗಳೂ ಸೇರಿವೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಔಷಧಿಯ ವಿಚಾರಕ್ಕೆ ಬಂದಾಗ ಬೇಕಾಗುತ್ತದೆ.

ಡೌನ್ ಸಿಂಡ್ರೋಮ್ ಇಲ್ಲದೆ ಬೇರೆ ಕಾರಣಕ್ಕೆ ಬೌದ್ಧಿಕ ವೈಕಲ್ಯ ಇರುವವರ ಕತೆ ಇಷ್ಟು ಸರಳವಲ್ಲ. ನ್ಯೂಯಾರ್ಕಿನಲ್ಲಿ ವಾರೆನ್ ಜಿಗ್‌ಮನ್ ತಂಡ 2004ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಅವರ ಅಪಾಯ ಸಾಮಾನ್ಯ ವೃದ್ಧರಿಗಿಂತ ಹೆಚ್ಚಲ್ಲ. ಲಂಡನ್ನಿನಲ್ಲಿ ಆಂಡ್ರೆ ಸ್ಟ್ರೈಡಮ್ ತಂಡ 2009ರಲ್ಲಿ ಎರಡು ಮೂರು ಪಟ್ಟು ಹೆಚ್ಚು ಎಂದಿತು. ಯಾರನ್ನು ಎಣಿಸಿದರು, ಯಾವ ಮಾನದಂಡ ಬಳಸಿದರು ಎಂಬುದರ ಮೇಲೆ ಅಂಕಿ ಇಷ್ಟು ಬದಲಾದರೆ, ಸಮಸ್ಯೆ ಅಳತೆಗೋಲಿನಲ್ಲೇ ಇದೆ ಎಂದರ್ಥ.

ಯಾವುದು ಮರೆವು, ಯಾವುದು ಮೊದಲಿನಿಂದ ಇದ್ದದ್ದು?

ಮರೆವಿನ ಕಾಯಿಲೆ ಪತ್ತೆಗೆ ವೈದ್ಯರು ಕೇಳುವುದು ಇವತ್ತು ಯಾವ ವಾರ, ನೂರರಿಂದ ಏಳೇಳು ಕಳೆಯುತ್ತಾ ಹೋಗಿ, ಈ ಚಿತ್ರ ನೋಡಿ ಬರೆಯಿರಿ ಎಂಬಂಥ ಪ್ರಶ್ನೆಗಳನ್ನು. ಎಂದೂ ಲೆಕ್ಕ ಕಲಿಯದವನಿಗೆ, ಕ್ಯಾಲೆಂಡರ್ ಓದದವನಿಗೆ ಈ ಪರೀಕ್ಷೆಯಲ್ಲಿ ಇಪ್ಪತ್ತರ ಹರೆಯದಲ್ಲೂ ಸೊನ್ನೆಯೇ. ಹಾಗಾಗಿ ಎರಡು ಕಡೆಗೂ ತಪ್ಪು ಆಗುತ್ತದೆ. ಒಂದು, ಇಳಿಮುಖವಾಗಿದ್ದನ್ನು ಕಂಡೂ "ಅವನು ಇರೋದೇ ಹಾಗಲ್ವಾ" ಎಂದು ಬಿಟ್ಟುಬಿಡುವುದು. ವೈಕಲ್ಯದ ನೆರಳಿನಲ್ಲಿ ಕಾಯಿಲೆ ಮರೆಯಾಗುವ ಈ ಪ್ರವೃತ್ತಿಯ ಬಗ್ಗೆ ಸ್ಟೀವನ್ ರೀಸ್ ಮತ್ತು ಜೊತೆಗಾರರು 1982ರಲ್ಲೇ ಎಚ್ಚರಿಸಿದ್ದರು. ಇನ್ನೊಂದು ಇದರ ತದ್ವಿರುದ್ಧ: ಡೌನ್ ಸಿಂಡ್ರೋಮ್ ಇದೆ, ವಯಸ್ಸು ಐವತ್ತಾಯಿತು, ಚುರುಕು ಕಮ್ಮಿಯಾಗಿದೆ, ಹಾಗಾದರೆ ಅಲ್ಝೈಮರ್ರೇ ಎಂದು ಷರಾ ಬರೆದುಬಿಡುವುದು.

ಎರಡನೆಯದು ಈಗ ಹೆಚ್ಚು ಅಪಾಯಕಾರಿ ಎಂಬುದು ನನ್ನ ಅನಿಸಿಕೆ. ಏಕೆಂದರೆ ಮರೆವಿನಂತೆ ಕಾಣುವ, ಗುಣವಾಗುವ ತೊಂದರೆಗಳ ಪಟ್ಟಿ ಇವರಲ್ಲಿ ಉದ್ದವಿದೆ. ಥೈರಾಯ್ಡ್ ಕೊರತೆ ಇವರಿಗೆ ಬಹಳ ಸಾಮಾನ್ಯ. ಕಣ್ಣಿನ ಪೊರೆ ಬೇಗ ಬರುತ್ತದೆ. ಕಿವಿ ಕೇಳಿಸುವುದು ಕಡಿಮೆಯಾಗುತ್ತದೆ, ಕೆಲವೊಮ್ಮೆ ಬರೀ ಗುಗ್ಗೆ ಕಟ್ಟಿಕೊಂಡು. ನಿದ್ದೆಯಲ್ಲಿ ಉಸಿರು ಕಟ್ಟುವುದರಿಂದ ಹಗಲೆಲ್ಲ ತೂಕಡಿಕೆ. ಕುತ್ತಿಗೆಯ ಮೂಳೆ ಸಡಿಲವಾಗಿ ನಡಿಗೆ ತಪ್ಪಬಹುದು. ಹೆಂಗಸರಿಗೆ ಮುಟ್ಟು ಬೇಗ ನಿಲ್ಲುತ್ತದೆ. ಇವೆಲ್ಲಕ್ಕಿಂತ ಸುಲಭವಾಗಿ ಕಣ್ತಪ್ಪುವುದು ದುಃಖ. ಅಪ್ಪ ತೀರಿಕೊಂಡ ಮೇಲೆ ಮಾತು ಬಿಟ್ಟ ಮಗನಿಗೆ ಖಿನ್ನತೆ ಇರಬಹುದು ಎಂದು ಎಷ್ಟು ಮಂದಿ ಯೋಚಿಸುತ್ತಾರೆ? ಅವನಿಗೇನು ಗೊತ್ತಾಗುತ್ತದೆ ಎಂದು ಶವಸಂಸ್ಕಾರದ ದಿನ ಪಕ್ಕದ ಮನೆಗೆ ಕಳಿಸಿರುತ್ತಾರೆ.

ಕಾಯಿಲೆಯ ಮುಖವೂ ಇಲ್ಲಿ ತುಸು ಬೇರೆ. ಕೇಂಬ್ರಿಜ್‌ನ ಟೋನಿ ಹಾಲಂಡ್ ತಂಡ ತೋರಿಸಿದಂತೆ, ಡೌನ್ ಸಿಂಡ್ರೋಮ್ ಇರುವವರಲ್ಲಿ ಮರೆವಿಗಿಂತ ಮುಂಚೆ ಸ್ವಭಾವ ಬದಲಾಗುವುದುಂಟು: ಹಟ, ಜಡತೆ, ಇಷ್ಟದ ಕೆಲಸದಲ್ಲಿ ನಿರಾಸಕ್ತಿ. ಮುಂದಿನ ಹಂತದಲ್ಲಿ ಅನೇಕರಿಗೆ ಹೊಸದಾಗಿ ಮೂರ್ಛೆ ಶುರುವಾಗುತ್ತದೆ. ಬೆಳಗ್ಗೆ ಕಾಫಿ ಲೋಟ ಹಿಡಿದ ಕೈ ತಟಕ್ಕನೆ ಜರ್ಕ್ ಹೊಡೆದು ಕಾಫಿ ಚೆಲ್ಲಿದರೆ ಅದು ಅಜಾಗರೂಕತೆ ಆಗಿರಬೇಕೆಂದಿಲ್ಲ.

ಇದಕ್ಕೆ ತಜ್ಞರು ಒಪ್ಪಿರುವ ದಾರಿ ಒಂದೇ: ಒಬ್ಬರನ್ನು ಇನ್ನೊಬ್ಬರ ಜೊತೆ ಹೋಲಿಸದೆ, ಅದೇ ವ್ಯಕ್ತಿಯ ನಿನ್ನೆಯ ಜೊತೆ ಹೋಲಿಸಬೇಕು. ನೆದರ್ಲೆಂಡಿನ ಹೆಲೀನ್ ಏವನ್‌ಹಾಯಿಸ್ ರೂಪಿಸಿದ ಪ್ರಶ್ನಾವಳಿ, ಬ್ರಿಟನ್ನಿನಲ್ಲಿ ಶೌಮಿತ್ರೊ ದೇಬ್ ಸಿದ್ಧಪಡಿಸಿದ ಡಿಎಸ್‌ಕ್ಯುಐಐಡಿ, ಅಮೆರಿಕದ ರಾಷ್ಟ್ರೀಯ ಕಾರ್ಯಪಡೆಯ ತಪಾಸಣಾ ಪಟ್ಟಿ, ಎಲ್ಲವೂ ರೋಗಿಯನ್ನು ಕೇಳುವುದಕ್ಕಿಂತ ಹೆಚ್ಚಾಗಿ ಅವರನ್ನು ಬಹುಕಾಲದಿಂದ ಬಲ್ಲವರನ್ನು ಕೇಳುತ್ತವೆ. ಮೊದಲು ಅಂಗಿ ಗುಂಡಿ ತಾನೇ ಹಾಕಿಕೊಳ್ಳುತ್ತಿದ್ದರೇ? ಅಂಗಡಿಗೆ ಒಬ್ಬರೇ ಹೋಗಿಬರುತ್ತಿದ್ದರೇ? ಯಾವಾಗ ನಿಂತಿತು? ಬ್ರಿಟನ್ನಿನ ಮಾರ್ಗಸೂಚಿ ಮೂವತ್ತರಲ್ಲೇ ಒಮ್ಮೆ ಎಲ್ಲವನ್ನೂ ದಾಖಲಿಸಿಡಿ ಎನ್ನುತ್ತದೆ. ಅಮೆರಿಕದವರು ನಲವತ್ತರಿಂದ ವರ್ಷಕ್ಕೊಮ್ಮೆ ನೋಡಿ ಎನ್ನುತ್ತಾರೆ. ಎಲ್ಲರನ್ನೂ ಹೀಗೆ ವರ್ಷ ವರ್ಷ ಜಾಲಾಡುವುದು ಅನಗತ್ಯ ಭಯ ಹುಟ್ಟಿಸುತ್ತದೆ ಎಂಬ ಆಕ್ಷೇಪವೂ ಇದೆ. ಶೇ 90ರ ಅಪಾಯದ ಎದುರು ಆ ಆಕ್ಷೇಪ ನಿಲ್ಲುವುದು ಕಷ್ಟ.

ಎಲ್ಲಿರಬೇಕು?

ವಾದ ನಿಜವಾಗಿ ಕಾವೇರಿದ್ದು ಇಲ್ಲಿ. ಸ್ವೀಡನ್ನಿನ ಬೆಂಗ್ಟ್ ನೀರ್ಯೆ 1969ರಲ್ಲಿ ಮಂಡಿಸಿದ, ಬಳಿಕ ವುಲ್ಫ್ ವುಲ್ಫೆನ್ಸ್‌ಬರ್ಗರ್ ಬೆಳೆಸಿದ, ಇವರಿಗೂ ಎಲ್ಲರಂಥ ಸಹಜ ಬದುಕು ಸಿಗಬೇಕು ಎಂಬ ವಿಚಾರದ ಬಲದಿಂದ ಬೌದ್ಧಿಕ ವೈಕಲ್ಯ ಇದ್ದವರು ದೊಡ್ಡ ಆಶ್ರಮಗಳಿಂದ ಹೊರಬಂದು ಊರಿನ ಸಾಮಾನ್ಯ ಬೀದಿಯ ಸಾಮಾನ್ಯ ಮನೆಗಳಲ್ಲಿ ನಾಲ್ಕೈದು ಮಂದಿಯಾಗಿ ಇರತೊಡಗಿದರು. ಆಗ ಅವರು ಯುವಕರು. ಇಪ್ಪತ್ತೈದು ವರ್ಷ ಕಳೆದಾಗ ಆ ಮನೆಗಳಲ್ಲೇ ಮರೆವು ಕಾಣಿಸಿತು. ಮಹಡಿ ಮೆಟ್ಟಿಲು ಇದೆ, ರಾತ್ರಿ ಸಿಬ್ಬಂದಿ ಮಲಗಿಬಿಡುತ್ತಾರೆ, ಎಲ್ಲರನ್ನೂ ಸ್ವಾವಲಂಬಿ ಮಾಡುವ ತರಬೇತಿ ಪಡೆದವರೇ ಹೊರತು ಕೈಬಿಡುತ್ತಿರುವ ಕೌಶಲವನ್ನು ಕಂಡು ಗೊತ್ತಿಲ್ಲ.

ಅಮೆರಿಕದ ಮ್ಯಾಥ್ಯೂ ಜಾನಿಕಿ ಮತ್ತು ಸಂಗಡಿಗರು 2002ರಲ್ಲಿ ಸಂಸ್ಥೆಗಳು ಹಿಡಿಯುವ ದಾರಿಗಳನ್ನು ವಿಂಗಡಿಸಿದರು. ಇದ್ದ ಮನೆಯಲ್ಲೇ ಕೊನೆಯವರೆಗೂ ಉಳಿಸಿಕೊಳ್ಳುವುದು ಒಂದು. ಅದೇ ಸಂಸ್ಥೆಯೊಳಗೆ ಮರೆವಿನ ಕಾಯಿಲೆಗೆಂದೇ ಸಜ್ಜುಗೊಳಿಸಿದ ಇನ್ನೊಂದು ಮನೆಗೆ ಕಳಿಸುವುದು ಮತ್ತೊಂದು. ವೃದ್ಧರ ನರ್ಸಿಂಗ್ ಹೋಮಿಗೆ ಒಪ್ಪಿಸಿಬಿಡುವುದು ಕೊನೆಯದು. ಈ ಕೊನೆಯದನ್ನು ಸಮರ್ಥಿಸುವ ಬರಹ ಅಪರೂಪ, ಆಚರಣೆ ಮಾತ್ರ ಧಾರಾಳ. ಎಂಬತ್ತೈದರ ಅಪರಿಚಿತರ ನಡುವೆ ಐವತ್ತೆರಡರ, ಮಾತು ಸ್ಪಷ್ಟವಿಲ್ಲದ ವ್ಯಕ್ತಿ ಒಬ್ಬಂಟಿಯಾಗುತ್ತಾನೆ. ಅವನ ಸನ್ನೆ, ತೊದಲು ನುಡಿ ಅರ್ಥವಾಗುವವರು ಅಲ್ಲಿ ಯಾರೂ ಇರುವುದಿಲ್ಲ.

2001ರ ಫೆಬ್ರುವರಿಯಲ್ಲಿ ಎಡಿನ್‌ಬರೋದಲ್ಲಿ ಸೇರಿದ ತಜ್ಞರು ಒಪ್ಪಿದ ತತ್ವಗಳು ಇದ್ದ ಮನೆಯಲ್ಲೇ ಇರಿಸಿಕೊಳ್ಳುವುದರ ಪರ ನಿಂತವು. ಹೆದರ್ ವಿಲ್ಕಿನ್ಸನ್, ಡಯಾನಾ ಕೆರ್ ಮುಂತಾದವರು 2004ರಲ್ಲಿ ಬ್ರಿಟನ್ನಿನ ಇಂಥ ಮನೆಗಳನ್ನು ಹತ್ತಿರದಿಂದ ನೋಡಿ ಬರೆದದ್ದು ಆ ಆದರ್ಶಕ್ಕೆ ಕಾಲಡಿ ನೆಲ ಒದಗಿಸಿತು. ಪ್ರೀತಿಗೆ ಅಲ್ಲಿ ಕೊರತೆ ಇರಲಿಲ್ಲ, ತಿಳಿವಳಿಕೆಗೆ ಇತ್ತು. ನೆಲದ ಮೇಲಿನ ಕಪ್ಪು ಚಾಪೆ ಮರೆವಿರುವವರ ಕಣ್ಣಿಗೆ ಹಳ್ಳದಂತೆ ಕಾಣುತ್ತದೆ, ಹೊಳೆಯುವ ನೆಲ ನೀರು ಚೆಲ್ಲಿದಂತೆ. ಹಾಗಾಗಿ ಬಾಗಿಲಲ್ಲೇ ನಿಂತುಬಿಡುತ್ತಾರೆ. ಸಿಬ್ಬಂದಿ ಅದನ್ನು ಹಟ ಎಂದು ದಾಖಲೆಯಲ್ಲಿ ಬರೆಯುತ್ತಾರೆ. ನಮ್ಮ ಕಡೆಯ ರೆಡ್ ಆಕ್ಸೈಡ್ ನೆಲ, ಕಪ್ಪು ಗ್ರಾನೈಟಿನ ಹೊಸ್ತಿಲು, ಬಿಳಿ ಗೋಡೆಗೆ ಬಿಳಿ ಕಮೋಡು ಇರುವ ಬಚ್ಚಲುಗಳನ್ನು ನೆನೆಸಿಕೊಂಡರೆ ಈ ಸಣ್ಣ ಸಂಗತಿಯ ತೂಕ ಗೊತ್ತಾಗುತ್ತದೆ. ಹೊಸ್ತಿಲಿಗೆ ನೆಲದ್ದೇ ಬಣ್ಣ, ಕಮೋಡಿನ ಸೀಟಿಗೆ ಎದ್ದು ಕಾಣುವ ಬಣ್ಣ ಮಾಡಿಸಿದರೆ ದಿನಕ್ಕೆರಡು ಜಗಳ ತಪ್ಪುತ್ತದೆ.

ಐರ್ಲೆಂಡಿನ ಮೇರಿ ಮೆಕ್ಯಾರನ್ ಇನ್ನೊಂದು ಕಡೆಯಿಂದ ಬಂದವರು. ಡೌನ್ ಸಿಂಡ್ರೋಮ್ ಇದ್ದ 77 ಮಹಿಳೆಯರನ್ನು ಇಪ್ಪತ್ತು ವರ್ಷ ಹಿಂಬಾಲಿಸಿದ ಅವರ ತಂಡದ ಅಧ್ಯಯನದಲ್ಲಿ ಶೇ 97 ಮಂದಿಗೆ ಡಿಮೆನ್ಶಿಯಾ ಬಂತು. ಅಷ್ಟು ದೀರ್ಘಕಾಲ ನೋಡಿದವರಿಗೆ ಕೊನೆಯ ಹಂತ ಹೇಗಿರುತ್ತದೆಂದು ಗೊತ್ತು: ನುಂಗಲಾಗದು, ಅನ್ನದಗುಳು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ, ಹಾಸಿಗೆ ಹುಣ್ಣು, ರಾತ್ರಿಯೆಲ್ಲ ಎಚ್ಚರ. ಇದಕ್ಕೆ ನುರಿತ ಕೈ, ರಾತ್ರಿ ಕಣ್ಣು ಮುಚ್ಚದ ಸಿಬ್ಬಂದಿ, ಮೆಟ್ಟಿಲಿಲ್ಲದ ಮನೆ ಬೇಕು ಎಂಬುದು ವಿಶೇಷ ಮನೆಗಳ ಪರ ವಾದಿಸುವವರ ಮಾತು. ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಎತ್ತುತ್ತಾರೆ: ಅದೇ ಮನೆಯಲ್ಲಿರುವ ಉಳಿದ ಮೂವರ ನಿದ್ದೆ, ನೆಮ್ಮದಿಯ ಹೊಣೆ ಯಾರದು? ತಮ್ಮ ಗೆಳತಿ ತಮ್ಮ ಹೆಸರು ಮರೆತಾಗ ಅವರಿಗೆ ಯಾರು ವಿವರಿಸಬೇಕು?

ಮೊದಲ ಎರಡು ದಾರಿಗಳಲ್ಲಿ ಯಾವುದೇ ಒಂದನ್ನು ಸಾರ್ವತ್ರಿಕ ಎನ್ನುವುದು ನನಗೆ ಸರಿಕಾಣುವುದಿಲ್ಲ. ಆದರೆ ಸ್ಥಳಾಂತರವನ್ನು ಕಾಯಿಲೆ ಉಲ್ಬಣಿಸಿದ ಮೇಲೆ ಗಡಿಬಿಡಿಯಲ್ಲಿ ಮಾಡುವುದು ಎಲ್ಲಕ್ಕಿಂತ ಕೆಟ್ಟದ್ದು. ಹೊಸ ಜಾಗ ಕಲಿಯುವ ಶಕ್ತಿ ಇರುವಾಗ, ಹಳೆಯ ಸಿಬ್ಬಂದಿಯಲ್ಲಿ ಒಬ್ಬರಾದರೂ ಜೊತೆಗೆ ಹೋಗುವಂತಿದ್ದರೆ ಮಾತ್ರ ಅದು ಸಹ್ಯ.

ಅವರಿಗೇ ಹೇಳಬೇಕೆ?

ಬಹುಕಾಲ ಇದು ಪ್ರಶ್ನೆಯೇ ಆಗಿರಲಿಲ್ಲ. ಅರ್ಥವಾಗದವರಿಗೆ ಹೇಳುವುದೇನು ಎಂದುಕೊಂಡವರೇ ಎಲ್ಲ. 1997ರಲ್ಲಿ ಟಾಮ್ ಕಿಟ್‌ವುಡ್ ಮರೆವಿನ ಕಾಯಿಲೆಯಲ್ಲಿ ರೋಗಕ್ಕಿಂತ ವ್ಯಕ್ತಿ ಮುಖ್ಯ ಎಂದು ವಾದಿಸಿದ ಮೇಲೆ ಗಾಳಿ ತಿರುಗಿತು. ಸ್ಕಾಟ್ಲೆಂಡಿನ ಕರೆನ್ ವಾಚ್‌ಮನ್ ಜೊತೆಗಾರರೊಡನೆ ರೂಪಿಸಿದ 'ಜೆನ್ನೀಸ್ ಡೈರಿ' ಎಂಬ ಚಿತ್ರಗಳ ಕೈಪಿಡಿ ಬೌದ್ಧಿಕ ವೈಕಲ್ಯ ಇರುವವರೊಂದಿಗೆ ಡಿಮೆನ್ಶಿಯಾದ ಬಗ್ಗೆ ಮಾತಾಡುವುದು ಹೇಗೆಂದು ತೋರಿಸುತ್ತದೆ. ಐರೀನ್ ಟಫ್ರಿ ವೈನ್ ಅವರ ಸಲಹೆ ಇನ್ನೂ ಸರಳ: ಒಂದೇ ಸಲ ದೊಡ್ಡ ಸುದ್ದಿ ಹೇಳಬೇಡಿ, ಅವರಿಗೆ ಈಗಾಗಲೇ ಗೊತ್ತಿರುವುದರ ಪಕ್ಕದಲ್ಲಿ ಒಂದೊಂದೇ ಚೂರನ್ನು ಇಡಿ. "ಈಗೀಗ ಶರ್ಟು ಹಾಕ್ಕೊಳ್ಳೋದು ಕಷ್ಟ ಆಗ್ತಿದೆ ಅಲ್ವಾ? ನಿನ್ನ ತಪ್ಪಲ್ಲ, ತಲೇಲಿ ಒಂದು ಕಾಯಿಲೆ ಇದೆ" ಎಂಬಷ್ಟೇ ಮಾತು ಎಷ್ಟೋ ಗದರಿಕೆಗಳನ್ನು ತಪ್ಪಿಸಬಲ್ಲದು.

ತೀರಿಹೋದ ಅಮ್ಮ ಎಲ್ಲಿ ಎಂದು ದಿನಕ್ಕೆ ಹತ್ತು ಸಲ ಕೇಳುವವರಿಗೆ ಏನನ್ನಬೇಕು? ಸತ್ಯ ಹೇಳಿದರೆ ಪ್ರತಿ ಸಲವೂ ಹೊಸ ಸಾವು, ಸುಳ್ಳು ಹೇಳಿದರೆ ಮೋಸ ಎಂಬ ಕಸಿವಿಸಿ. ಅಮ್ಮನ ಬಗ್ಗೆಯೇ ಮಾತು ತೆಗೆದು, ಅವರು ಮಾಡುತ್ತಿದ್ದ ತಿಂಡಿ, ಉಡುತ್ತಿದ್ದ ಸೀರೆಯ ನೆನಪಿಗೆ ಹೊರಳಿಸುವುದು ಅನುಭವಸ್ಥರು ಕಂಡುಕೊಂಡ ನಡುದಾರಿ. ತಾತ್ವಿಕರಿಗೆ ಅದು ತೃಪ್ತಿ ಕೊಟ್ಟಿಲ್ಲ.

ಗುಳಿಗೆಯ ಲೆಕ್ಕ

ಅಲ್ಝೈಮರ್‌ಗೆ ಬಳಸುವ ಮೆಮಾಂಟಿನ್ ಗುಳಿಗೆಯನ್ನು ನಲವತ್ತು ದಾಟಿದ, ಡೌನ್ ಸಿಂಡ್ರೋಮ್ ಇರುವ 173 ಮಂದಿಯ ಮೇಲೆ ಪ್ರಯೋಗಿಸಿ 2012ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದ ಫಲಿತಾಂಶ ನಿರಾಶಾದಾಯಕ: ಉಪಯೋಗ ಕಾಣಲಿಲ್ಲ. 2018ರ ಬ್ರಿಟಿಷ್ ಅಧ್ಯಯನವೊಂದರಲ್ಲಿ ಮಾತ್ರ ಡಿಮೆನ್ಶಿಯಾ ಔಷಧಿ ತೆಗೆದುಕೊಂಡವರು ಸುಮಾರು ಐದೂವರೆ ವರ್ಷ, ತೆಗೆದುಕೊಳ್ಳದವರು ಮೂರೂವರೆ ವರ್ಷ ಬದುಕಿದ್ದು ಕಂಡಿತು. ಅದು ಚೀಟಿ ಎತ್ತಿ ಗುಂಪು ಮಾಡಿದ ಪ್ರಯೋಗವಲ್ಲ. ಗಟ್ಟಿಮುಟ್ಟಾಗಿದ್ದವರಿಗೇ ಔಷಧಿ ಸಿಕ್ಕಿರಬಹುದು ಎಂಬ ಶಂಕೆ ಉಳಿಯುತ್ತದೆ. 2023ರಲ್ಲಿ ಅಮೆರಿಕದಲ್ಲಿ ಅನುಮೋದನೆ ಪಡೆದ ಲೆಕಾನೆಮ್ಯಾಬ್, ಮರುವರ್ಷದ ಡೋನಾನೆಮ್ಯಾಬ್ ಎರಡೂ ಅಮೈಲಾಯ್ಡ್ ತೆಗೆದುಹಾಕುವ ಔಷಧಿಗಳು. ಅನುಮೋದನೆಗೆ ಆಧಾರವಾದ ಪ್ರಯೋಗಗಳಲ್ಲಿ ಡೌನ್ ಸಿಂಡ್ರೋಮ್ ಇರುವವರನ್ನು ಸೇರಿಸಿರಲಿಲ್ಲ. ಇವರ ಮಿದುಳಿನ ರಕ್ತನಾಳಗಳಲ್ಲೂ ಅಮೈಲಾಯ್ಡ್ ಹೆಚ್ಚಿರುವುದರಿಂದ ರಕ್ತಸ್ರಾವದ ಭಯ ನಿಜವೇ. ಹಾಗಿದ್ದರೂ ಸಿದ್ಧಾಂತಕ್ಕೆ ಮಿದುಳು ಕೊಟ್ಟವರನ್ನು ಔಷಧಿಯ ಸರತಿಯಲ್ಲಿ ಹಿಂದೆ ನಿಲ್ಲಿಸಿದ್ದು ನ್ಯಾಯವಲ್ಲ. ಅವರಿಗೆಂದೇ ಪ್ರಯೋಗಗಳು ಈಗಷ್ಟೇ ನಡೆಯುತ್ತಿವೆ.

ಹೊಸ ಔಷಧಿಗಿಂತ ಹಳೆಯ ಔಷಧಿಯೇ ದೊಡ್ಡ ಸಮಸ್ಯೆ ಎನ್ನುವವರೂ ಇದ್ದಾರೆ. ಕೂಗಾಡಿದರೆ, ಹೊಡೆದರೆ, ಮಲಗದಿದ್ದರೆ ಮನೋರೋಗದ ಗುಳಿಗೆ ಬರೆದುಕೊಡುವುದು ರೂಢಿ. ಡಯಾನಾ ಕೆರ್ ಮತ್ತು ಜೊತೆಗಾರರು 2006ರಲ್ಲಿ ತೋರಿಸಿಕೊಟ್ಟದ್ದು ಆ ಕೂಗಿನ ಹಿಂದೆ ಹಲ್ಲುನೋವು, ಮಲಬದ್ಧತೆ, ಮಂಡಿನೋವು ಇರಬಹುದು ಎಂಬುದನ್ನು. ನೋವು ಹೇಳಿಕೊಳ್ಳಲು ಬಾರದವರಿಗೆ ಪ್ಯಾರಾಸಿಟಮಾಲ್‌ಗಿಂತ ಮೊದಲು ಮಂಪರಿನ ಗುಳಿಗೆ ಸಿಗುವುದು ಕ್ರೌರ್ಯ. ಇಂಗ್ಲೆಂಡಿನ ಆರೋಗ್ಯ ಸೇವೆ 2016ರಿಂದ ಇಂಥ ಅತಿಯಾದ ಔಷಧಿ ನಿಲ್ಲಿಸಲು 'ಸ್ಟಾಂಪ್' ಹೆಸರಿನಲ್ಲಿ ಅಭಿಯಾನ ನಡೆಸುತ್ತಿದೆ.

ನಮ್ಮ ಮನೆಗಳಲ್ಲಿ

2011ರ ಜನಗಣತಿ ಭಾರತದಲ್ಲಿ 15 ಲಕ್ಷ ಮಂದಿ ಬೌದ್ಧಿಕ ವೈಕಲ್ಯ ಇರುವವರನ್ನು ಎಣಿಸಿತು. 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಂದಾಜಿನಂತೆ ದೇಶದಲ್ಲಿ 88 ಲಕ್ಷ ಹಿರಿಯರಿಗೆ ಡಿಮೆನ್ಶಿಯಾ ಇದೆ. ಆದರೆ ಆ ಸಮೀಕ್ಷೆ ಶುರುವಾದದ್ದೇ ಅರವತ್ತು ವರ್ಷದವರಿಂದ. ಐವತ್ತರಲ್ಲಿ ಕಾಯಿಲೆ ಬಂದು ಅರವತ್ತರೊಳಗೆ ತೀರಿಕೊಳ್ಳುವವರು ಆ ಲೆಕ್ಕದೊಳಗೆ ಬರುವಂತೆಯೇ ಇಲ್ಲ. ಕಾನೂನಿನ ಪ್ರಕಾರ ಹಿರಿಯ ನಾಗರಿಕರೂ ಅಲ್ಲ, ಹಾಗಾಗಿ ವೃದ್ಧರ ಯೋಜನೆಗಳ ಬಾಗಿಲಲ್ಲಿ ವಯಸ್ಸಿನ ದಾಖಲೆಯೇ ಅಡ್ಡ ಬರುತ್ತದೆ. ಇತ್ತ ವಿಶೇಷ ಶಾಲೆ, ವೃತ್ತಿ ತರಬೇತಿ ಕೇಂದ್ರಗಳು ಮಕ್ಕಳು ಮತ್ತು ಯುವಕರಿಗೆಂದು ಕಟ್ಟಿದವು.

1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ತಂದೆ ತಾಯಿಯ ನಂತರ ಯಾರು ಎಂಬ ಪ್ರಶ್ನೆಯಿಂದಲೇ ಹುಟ್ಟಿದ್ದು. ಜಿಲ್ಲಾ ಮಟ್ಟದ ಸಮಿತಿಯ ಮೂಲಕ ಕಾನೂನು ಪಾಲಕರನ್ನು ನೇಮಿಸಬಹುದು, ನಿರಾಮಯ ವಿಮೆಯಲ್ಲಿ ಒಂದು ಲಕ್ಷ ರೂಪಾಯಿವರೆಗೆ ವೈದ್ಯಕೀಯ ಖರ್ಚು ಸಿಗುತ್ತದೆ, ಘರೌಂದಾ ಎಂಬ ವಸತಿ ಯೋಜನೆಯೂ ಇದೆ. ಕರ್ನಾಟಕದಲ್ಲಿ ನಿಮ್ಹಾನ್ಸ್ ಜೊತೆಗೂಡಿ ಸರ್ಕಾರ ಆರಂಭಿಸಿದ ಮಿದುಳು ಆರೋಗ್ಯ ಕಾರ್ಯಕ್ರಮ ಡಿಮೆನ್ಶಿಯಾವನ್ನು ಒಳಗೊಂಡಿದೆ. ವೈಕಲ್ಯದ ಕಡತವೂ ಆರೋಗ್ಯದ ಕಡತವೂ ಒಂದೇ ಮೇಜಿನ ಮೇಲೆ ಬರಬೇಕಾಗಿದೆ.

ಪಶ್ಚಿಮದ ವಾದವೆಲ್ಲ ಗ್ರೂಪ್ ಹೋಮಿನ ಸುತ್ತ ನಡೆದಿದೆ. ನಮ್ಮಲ್ಲಿ ಐವತ್ತರ ಮಗಳನ್ನು ನೋಡಿಕೊಳ್ಳುವುದು ಎಂಬತ್ತರ ತಾಯಿ. ಅವಳು ಏನು ತಿನ್ನುತ್ತಾಳೆ, ಯಾವ ಶಬ್ದಕ್ಕೆ ಹೆದರುತ್ತಾಳೆ, ಹತ್ತು ವರ್ಷದ ಹಿಂದೆ ಎಷ್ಟು ಮಾತಾಡುತ್ತಿದ್ದಳು ಎಂಬುದೆಲ್ಲ ಆ ತಾಯಿಯ ತಲೆಯಲ್ಲಿದೆ, ಬೇರೆಲ್ಲೂ ಇಲ್ಲ. ತಾಯಿ ಹೋದ ಮೇಲೆ ಅಣ್ಣನ ಮನೆಗೆ ಬಂದವಳು ಮಂಕಾದಾಗ ಅದು ದುಃಖವೋ, ಥೈರಾಯ್ಡೋ, ಅಲ್ಝೈಮರ್ರೋ ಎಂದು ಹೇಳಬಲ್ಲ ಸಾಕ್ಷಿಯೇ ಇರುವುದಿಲ್ಲ. ಅತ್ತಿಗೆಯನ್ನು ಕೇಳಿದರೆ, ಪಾಪ, ಅವರು ನೋಡಿರುವುದು ಹಬ್ಬದ ದಿನಗಳಲ್ಲಿ ಮಾತ್ರ.

ಇನ್ನೂ ಇತ್ಯರ್ಥವಾಗದ್ದು

ಅಮೈಲಾಯ್ಡ್ ತೆಗೆಯುವ ಔಷಧಿ ಇವರಿಗೆ ಸುರಕ್ಷಿತವೇ, ಕೊಡುವುದಾದರೆ ಲಕ್ಷಣ ಕಾಣುವ ಮೊದಲೇ ಮೂವತ್ತೈದರಲ್ಲಿ ಕೊಡಬೇಕೇ, ಅದಕ್ಕೆ ಒಪ್ಪಿಗೆ ಯಾರು ಕೊಡಬೇಕು? ರಕ್ತಪರೀಕ್ಷೆಯಿಂದ ಕಾಯಿಲೆಯ ಸುಳಿವು ಮೊದಲೇ ಸಿಗುವ ದಿನ ಹತ್ತಿರವಾದಂತೆ ಈ ಪ್ರಶ್ನೆ ಹರಿತವಾಗುತ್ತಿದೆ. ಡೌನ್ ಸಿಂಡ್ರೋಮ್ ಇಲ್ಲದವರ ಅಪಾಯ ಎಷ್ಟು ಎಂಬ ಜಗಳ ಮುಗಿದಿಲ್ಲ. ಇದ್ದಲ್ಲೇ ಇರಿಸಿಕೊಳ್ಳುವುದಕ್ಕೂ ವಿಶೇಷ ಮನೆಗೂ ಇರುವ ಹೋಲಿಕೆಯನ್ನು ಸ್ವತಃ ಅಲ್ಲಿ ವಾಸಿಸುವವರ ದೃಷ್ಟಿಯಿಂದ ಅಳೆದದ್ದು ತೀರ ಕಡಿಮೆ. ಮನೆಯಲ್ಲೇ ನೋಡಿಕೊಳ್ಳುವ ಕುಟುಂಬಕ್ಕೆ, ಅದರಲ್ಲೂ ವೃದ್ಧ ತಾಯಿಗೆ, ಹೊರಗಿನ ನೆರವು ಹೇಗೆ ಒದಗಬೇಕು ಎಂಬುದರ ಮೇಲೆ ಹೊರದೇಶದ ಗ್ರಂಥಗಳಿಂದ ನಮಗೆ ಸಿಗುವ ಮಾರ್ಗದರ್ಶನ ಅಲ್ಪ.

ಒಂದು ಕೆಲಸ ಮಾತ್ರ ಯಾವ ಇತ್ಯರ್ಥಕ್ಕೂ ಕಾಯಬೇಕಿಲ್ಲ. ನಿಮ್ಮ ಮನೆಯಲ್ಲಿ, ನೆಂಟರಲ್ಲಿ, ಬೀದಿಯಲ್ಲಿ ಮೂವತ್ತು ದಾಟಿದ ಡೌನ್ ಸಿಂಡ್ರೋಮ್ ಇರುವವರಿದ್ದರೆ, ಅವರು ಅಂಗಿ ಹಾಕಿಕೊಳ್ಳುವುದನ್ನು, ಊಟ ಮಾಡುವುದನ್ನು, ಮೆಟ್ಟಿಲಿಳಿಯುವುದನ್ನು, ಹಾಡುವುದನ್ನು, ಹರಟುವುದನ್ನು ಮೊಬೈಲಿನಲ್ಲಿ ಹತ್ತು ನಿಮಿಷ ಚಿತ್ರಿಸಿ ತಾರೀಕು ಹಾಕಿ ಇಟ್ಟುಕೊಳ್ಳಿ, ವರ್ಷಕ್ಕೊಮ್ಮೆ ಮತ್ತೆ ಮಾಡಿ. ಒಂದು ಪ್ರತಿಯನ್ನು ಒಡಹುಟ್ಟಿದವರಿಗೆ ಕೊಡಿ. ಇಪ್ಪತ್ತು ವರ್ಷದ ಮೇಲೆ ವೈದ್ಯರು ಕೇಳುವ ಮೊದಲ ಪ್ರಶ್ನೆಗೆ ಅದೇ ಉತ್ತರ.